ಆರಿದ್ರಾ ಮಳೆಗೆ ಟಗರು ಬಿಡುವುದು: ಕುರಿಯ ಮಿದುಳನ್ನು ಅರಿತು ಹಿಂಡಿನ ಬೆದೆ ಹೊಂದಿಸುವ ಬಗೆ

ಟಗರು ವರ್ಷವಿಡೀ ಹಿಂಡಿನಲ್ಲಿಯೇ ಇದ್ದರೆ ಮರಿಗಳೂ ವರ್ಷವಿಡೀ ಚದುರಿ ಹುಟ್ಟುತ್ತವೆ. ಡಿಸೆಂಬರಿನಲ್ಲಿ ಹುಟ್ಟಿದ ಮರಿಗೆ ತಾಯಿಯ ಕೆಚ್ಚಲಿನಲ್ಲಿ ಹಾಲಿರುತ್ತದೆ, ಹೊಲದಲ್ಲಿ ಮೇವಿರುತ್ತದೆ. ಏಪ್ರಿಲಿನಲ್ಲಿ ಹುಟ್ಟಿದ ಮರಿಗೆ ಎರಡೂ ಇರುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಐವತ್ತರಿಂದ ಇನ್ನೂರು ಕುರಿ ಸಾಕುವವರು ಹಿಂಡಿನ ಬೆದೆಯನ್ನು ಹೇಗೆ ಒಂದು ಕಿರಿದಾದ ಅವಧಿಗೆ ಕೂಡಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಬರೀ ದಿನಾಂಕಗಳನ್ನು ಹೇಳಿ ಮುಗಿಸಿದರೆ ಮಳೆ ಹದಿನೈದು ದಿನ ಹಿಂದುಮುಂದಾದ ವರ್ಷ ಏನನ್ನು ಬದಲಿಸಬೇಕು, ಏನನ್ನು ಬದಲಿಸಬಾರದು ಎಂಬುದು ತಿಳಿಯುವುದಿಲ್ಲವಾದ್ದರಿಂದ, ಕುರಿಯ ತಲೆಯೊಳಗೆ ನಡೆಯುವ ವ್ಯವಹಾರವನ್ನು ಮೊದಲು ಹೇಳುತ್ತೇನೆ.

ಶುರುವಿನಲ್ಲಿಯೇ ಒಂದು ತೊಡಕಿದೆ. ಕುರಿಯು ಹಗಲು ಕುಗ್ಗುವ ಕಾಲದಲ್ಲಿ ಬೆದೆಗೆ ಬರುವ ಪ್ರಾಣಿ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಬ್ರಿಟನ್ನಿನ ಕುರಿಗಳು ಶರತ್ಕಾಲದಲ್ಲಿ ಬೆದೆಗೆ ಬಂದು ವಸಂತದಲ್ಲಿ ಈಯುತ್ತವೆ. ಜೂನ್ ತಿಂಗಳಲ್ಲಿ ಅವುಗಳ ಅಂಡಾಶಯ ನಿದ್ರಿಸುತ್ತಿರುತ್ತದೆ. ನಮ್ಮಲ್ಲಿ ಹಾಗಲ್ಲ. ವರ್ಷದ ಅತಿ ದೀರ್ಘ ಹಗಲು ಬರುವ ಜೂನ್ 21ರ ಆಸುಪಾಸಿನಲ್ಲಿಯೇ, ಮೊದಲ ಮಳೆಗೆ ಹಸಿರು ಚಿಗುರಿದ ಕೂಡಲೇ, ಹಿಂಡು ಬೆದೆಗೆ ಬರತೊಡಗುತ್ತದೆ. ಪುಸ್ತಕವೂ ತಪ್ಪಲ್ಲ, ನಮ್ಮ ಕುರಿಯೂ ತಪ್ಪಲ್ಲ. ಒಂದೇ ಮಿದುಳು ಎರಡು ಊರುಗಳಲ್ಲಿ ಎರಡು ಬೇರೆ ಸುದ್ದಿಗಳಿಗೆ ಕಿವಿಗೊಡುತ್ತಿದೆ, ಅಷ್ಟೆ.

ತಲೆಯೊಳಗಿನ ಮಿಡಿತ

ಮಿದುಳಿನ ಬುಡದಲ್ಲಿರುವ ಹೈಪೋಥಾಲಮಸ್ ಎಂಬ ಪುಟ್ಟ ಭಾಗದಲ್ಲಿ ಕೆಲವೇ ಸಾವಿರ ನರಕೋಶಗಳು ಹತ್ತು ಅಮೈನೋ ಆಮ್ಲಗಳಿಂದಾದ ಒಂದು ಹಾರ್ಮೋನನ್ನು ತಯಾರಿಸುತ್ತವೆ. ಅದನ್ನು ಜಿಎನ್‌ಆರ್‌ಎಚ್ ಎಂದು ಕರೆಯುತ್ತಾರೆ. ಅದರ ರಚನೆಯನ್ನು 1971ರಲ್ಲಿ ಬಿಡಿಸಿದ್ದೂ ಸೇರಿದಂತೆ ಮಿದುಳಿನ ಹಾರ್ಮೋನುಗಳ ಸಂಶೋಧನೆಗಾಗಿ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಮ್ಯಾ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಶಾಲಿಯವರು ಹಂದಿಗಳ ಮಿದುಳನ್ನೂ ಗಿಲ್ಮ್ಯಾ ಅವರು ಲಕ್ಷಗಟ್ಟಲೆ ಕುರಿಗಳ ಮಿದುಳಿನ ತುಣುಕುಗಳನ್ನೂ ಬಳಸಿದ್ದರು. ಕುರಿಗೆ ಈ ವಿಜ್ಞಾನದಲ್ಲಿ ಸಲ್ಲಬೇಕಾದ ಪಾಲು ದೊಡ್ಡದು.

ಜಿಎನ್‌ಆರ್‌ಎಚ್ ಒಂದೇ ಸಮನೆ ಹರಿಯುವುದಿಲ್ಲ, ಬಿಟ್ಟುಬಿಟ್ಟು ಮಿಡಿಯುತ್ತದೆ. ಪ್ರತಿ ಮಿಡಿತವೂ ಸಣ್ಣ ರಕ್ತನಾಳಗಳ ಮೂಲಕ ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ತಲುಪಿ, ಅಲ್ಲಿಂದ ಎಲ್‌ಎಚ್ ಎಂಬ ಹಾರ್ಮೋನಿನ ಒಂದು ಮಿಡಿತವನ್ನು ರಕ್ತಕ್ಕೆ ಬಿಡಿಸುತ್ತದೆ. ಈ ಎರಡು ಮಿಡಿತಗಳು ಜೊತೆಜೊತೆಗೇ ಸಾಗುತ್ತವೆ ಎಂಬುದನ್ನು 1982ರಲ್ಲಿ ಆಸ್ಟ್ರೇಲಿಯಾದ ಕ್ಲಾರ್ಕ್ ಮತ್ತು ಕಮಿನ್ಸ್ ಎಂಬ ವಿಜ್ಞಾನಿಗಳು ಕುರಿಗಳಲ್ಲಿಯೇ ತೋರಿಸಿದರು. ಮಿಡಿತದ ಬದಲು ಹಾರ್ಮೋನನ್ನು ಎಡೆಬಿಡದೆ ಹರಿಸಿದರೆ ಪಿಟ್ಯುಟರಿ ಕಿವುಡಾಗುತ್ತದೆ. ಹೀಗಾಗಿ ಹಾರ್ಮೋನು ಎಷ್ಟಿದೆ ಎನ್ನುವುದಕ್ಕಿಂತ ಮಿಡಿತ ಎಷ್ಟು ಬೇಗ ಬೇಗ ಬರುತ್ತಿದೆ ಎನ್ನುವುದೇ ಇಲ್ಲಿ ಮುಖ್ಯ.

ಬೆದೆ ಸಮೀಪಿಸಿದ ಕುರಿಯಲ್ಲಿ ಸುಮಾರು ಗಂಟೆಗೊಂದು ಮಿಡಿತವಿರುತ್ತದೆ. ಅಂಡಾಶಯದ ಗುಳ್ಳೆಗಳು ಅದರಿಂದ ಬೆಳೆದು ಈಸ್ಟ್ರಡಯಾಲ್ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸುರಿಸುತ್ತವೆ. ಅದು ಒಂದು ಮಟ್ಟ ಮುಟ್ಟಿದಾಗ ಮಿದುಳು ಜಿಎನ್‌ಆರ್‌ಎಚ್‌ನ ದೊಡ್ಡ ಅಲೆಯನ್ನೇ ಬಿಡುತ್ತದೆ, ಎಲ್‌ಎಚ್ ಥಟ್ಟನೆ ಏರುತ್ತದೆ, ಕುರಿ ಟಗರನ್ನು ಹುಡುಕಿಕೊಂಡು ಹೋಗುತ್ತದೆ, ಅದಾದ ಸುಮಾರು ಒಂದು ದಿನಕ್ಕೆ ಅಂಡ ಬಿಡುಗಡೆಯಾಗುತ್ತದೆ. ಅಂಡ ಬಿಟ್ಟ ಜಾಗದಲ್ಲಿ ಬೆಳೆಯುವ ಹಳದಿ ಗಂಟು ಪ್ರೊಜೆಸ್ಟರಾನ್ ಸುರಿಸುತ್ತದೆ, ಆಗ ಮಿಡಿತವು ಮೂರು-ನಾಲ್ಕು ಗಂಟೆಗೊಮ್ಮೆ ಎಂಬಷ್ಟು ನಿಧಾನವಾಗುತ್ತದೆ. ಗಬ್ಬ ಕಟ್ಟದಿದ್ದರೆ ಗಂಟು ಕರಗಿ, 17 ದಿನಗಳ ಹೊತ್ತಿಗೆ ಇದೇ ಸುತ್ತು ಮತ್ತೆ ಬರುತ್ತದೆ. ಬೆದೆಯಿಲ್ಲದ ಕಾಲದಲ್ಲಿ ಮಾತ್ರ ಎಷ್ಟೋ ಗಂಟೆಗಳು ಒಂದೂ ಮಿಡಿತವಿಲ್ಲದೆ ಕಳೆಯುತ್ತವೆ. ಗುಳ್ಳೆಗಳು ಅರ್ಧ ಬೆಳೆದು ಅಲ್ಲಿಯೇ ಸೊರಗುತ್ತವೆ.

ಈ ಮಿಡಿತಕ್ಕೆ ತಾಳ ಹಾಕುವವರು ಬೇರೆಯೇ ಇದ್ದಾರೆ. ಹೈಪೋಥಾಲಮಸ್‌ನ ಆರ್ಕ್ಯುಯೇಟ್ ಎಂಬ ಭಾಗದ ನರಕೋಶಗಳು ಮೂರು ಸಂದೇಶಗಳನ್ನು ಒಂದೇ ಜೋಳಿಗೆಯಲ್ಲಿ ಇಟ್ಟುಕೊಂಡಿವೆ: ನ್ಯೂರೋಕೈನಿನ್ ಬಿ ‘ಶುರುಮಾಡು’ ಎನ್ನುತ್ತದೆ, ಡೈನಾರ್ಫಿನ್ ‘ನಿಲ್ಲಿಸು’ ಎನ್ನುತ್ತದೆ, ಇವೆರಡರ ನಡುವೆ ಹೊರಡುವ ಕಿಸ್‌ಪೆಪ್ಟಿನ್ ಜಿಎನ್‌ಆರ್‌ಎಚ್ ಕೋಶಗಳನ್ನು ಎಬ್ಬಿಸುತ್ತದೆ. ಈ ಮೂರೂ ಒಂದೇ ಕೋಶದಲ್ಲಿರುವುದನ್ನು ಮೊದಲು ತೋರಿಸಿದ್ದು 2007ರಲ್ಲಿ, ಅದೂ ಹೆಣ್ಣು ಕುರಿಯಲ್ಲಿ. ಕಿಸ್‌ಪೆಪ್ಟಿನ್ ಎಂಬ ಹೆಸರಿಗೆ ಕೂಡುವಿಕೆಯೊಂದಿಗೆ ನಂಟಿದೆಯೆಂದು ಹಲವರು ಭಾವಿಸುತ್ತಾರೆ. ನಿಜಕ್ಕೂ ಅದರ ಜೀನು 1996ರಲ್ಲಿ ಪತ್ತೆಯಾದದ್ದು ಅಮೆರಿಕದ ಹರ್ಷೀ ಎಂಬ ಊರಿನಲ್ಲಿ, ಕ್ಯಾನ್ಸರ್ ಸಂಶೋಧನೆಯ ನಡುವೆ, ಮತ್ತು ಹೆಸರು ಬಂದದ್ದು ಆ ಊರಿನ ‘ಕಿಸಸ್’ ಎಂಬ ಚಾಕೊಲೇಟಿನಿಂದ.

ಮುಂದಿನದಕ್ಕೆಲ್ಲ ಬೇಕಾಗುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಈಸ್ಟ್ರಡಯಾಲ್ ಏನು ಹೇಳುತ್ತಿದೆ ಎಂಬುದನ್ನು ಜಿಎನ್‌ಆರ್‌ಎಚ್ ಕೋಶಗಳು ತಾವಾಗಿ ಕೇಳಿಸಿಕೊಳ್ಳಲಾರವು. ಕಿಸ್‌ಪೆಪ್ಟಿನ್ ಕೋಶಗಳು ಕೇಳಿಸಿಕೊಂಡು ದಾಟಿಸುತ್ತವೆ. ಬೆದೆಗಾಲದಲ್ಲಿ ಯಾವ ಸಣ್ಣ ಪ್ರಮಾಣದ ಈಸ್ಟ್ರಡಯಾಲ್ ಏನನ್ನೂ ತಡೆಯುವುದಿಲ್ಲವೋ, ಬೆದೆಯಿಲ್ಲದ ಕಾಲದಲ್ಲಿ ಅಷ್ಟೇ ಪ್ರಮಾಣ ಮಿಡಿತವನ್ನು ಅದುಮಿಡುತ್ತದೆ. ಹಾರ್ಮೋನು ಅದೇ, ಅದನ್ನು ಕೇಳುವ ಕಿವಿ ಬದಲಾಗಿದೆ. ‘ನನ್ನ ಕುರಿಗೆ ಹಾರ್ಮೋನು ಕಡಿಮೆಯಾಗಿದೆ, ಸೂಜಿ ಹಾಕಿ’ ಎಂದು ಕೇಳುವವರು ಇದನ್ನು ಗಮನಿಸಬೇಕು.

ಬೆಳಕಿನ ಸುದ್ದಿ ಇಲ್ಲಿ ಏಕೆ ಮೆಲ್ಲಗೆ ಕೇಳುತ್ತದೆ

ಕಣ್ಣಿನ ಅಕ್ಷಿಪಟಲಕ್ಕೆ ಬಿದ್ದ ಬೆಳಕು ಮಿದುಳಿನ ಒಳಗಡಿಯಾರವನ್ನು ಮುಟ್ಟಿ, ಅಲ್ಲಿಂದ ಕುತ್ತಿಗೆಯ ನರಗಂಟಿನ ಮೂಲಕ ಸುತ್ತುಬಳಸಿ ಪೀನಿಯಲ್ ಗ್ರಂಥಿಯನ್ನು ತಲುಪುತ್ತದೆ. ಆ ಗ್ರಂಥಿ ಕತ್ತಲಿರುವಷ್ಟು ಹೊತ್ತು ಮೆಲಟೋನಿನ್ ಸುರಿಸುತ್ತದೆ. ರಾತ್ರಿ ಉದ್ದವಾದರೆ ಮೆಲಟೋನಿನ್ ಹೊತ್ತು ಉದ್ದ, ರಾತ್ರಿ ಗಿಡ್ಡವಾದರೆ ಗಿಡ್ಡ. ಈ ಉದ್ದವನ್ನು ಓದುವ ಒಂದು ಮುಖ್ಯ ತಾಣ ಪಿಟ್ಯುಟರಿಯ ಕಾಂಡದ ಸುತ್ತಲಿನ ತೆಳು ಪೊರೆ. ಹಗಲು ದೀರ್ಘವಾದಾಗ ಅದು ಟಿಎಸ್‌ಎಚ್ ಎಂಬ ಸಂದೇಶವನ್ನು ಮೇಲಕ್ಕೆ, ಅಂದರೆ ಮಿದುಳಿನ ಕಡೆಗೇ, ಕಳುಹಿಸುತ್ತದೆ; ಅಲ್ಲಿ ಥೈರಾಯ್ಡ್ ಹಾರ್ಮೋನಿನ ಮಂದ ರೂಪ ಟಿ-4 ಚುರುಕಾದ ಟಿ-3 ಆಗಿ ಬದಲಾಗುತ್ತದೆ. ಕುರಿಯಲ್ಲಿ ಬೆದೆಗಾಲವನ್ನು ಮುಚ್ಚಲು ಈ ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ಥೈರಾಯ್ಡ್ ಗ್ರಂಥಿ ತೆಗೆದ ಕುರಿಗಳು ಕಾಲ ಮುಗಿದರೂ ಬೆದೆಗೆ ಬರುತ್ತಲೇ ಇರುತ್ತವೆ.

ಇದೆಲ್ಲ ನಮ್ಮ ಕುರಿಯ ತಲೆಯೊಳಗೂ ಇದೆ. ಆದರೆ ಸುದ್ದಿಯೇ ಸಪ್ಪೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜೂನ್ ಹಗಲು ಸುಮಾರು ಹದಿನೇಳೂವರೆ ಗಂಟೆ, ಡಿಸೆಂಬರ್ ಹಗಲು ಏಳು ಗಂಟೆ. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬಳ್ಳಾರಿಯಲ್ಲಿ ದೀರ್ಘ ಹಗಲು 13 ಗಂಟೆ, ಗಿಡ್ಡ ಹಗಲು ಹನ್ನೊಂದೂಕಾಲು ಗಂಟೆಗೆ ಸ್ವಲ್ಪ ಕಡಿಮೆ. ಅಲ್ಲಿ ಹತ್ತು ಗಂಟೆಗೂ ಮೀರಿದ ಅಂತರ, ಇಲ್ಲಿ ಎರಡು ಗಂಟೆಯೂ ಇಲ್ಲ. ಹಗಲಿನ ಉದ್ದವನ್ನು ನಂಬಿ ಮೇವಿನ ಕಾಲವನ್ನು ಊಹಿಸುವುದು ಸ್ಕಾಟ್ಲೆಂಡಿನ ಕುರಿಗೆ ಲಾಭ. ಮಳೆಯನ್ನೇ ನಂಬಿದ ಬಳ್ಳಾರಿ, ದಖ್ಖನಿ, ಕೆಂಗುರಿ ತಳಿಗಳಿಗೆ ಅದರಿಂದ ಪ್ರಯೋಜನವಿಲ್ಲ. ನಮ್ಮ ತಳಿಗಳು ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಲ್ಲವು. ಬಾರದಿದ್ದರೆ ತಡೆದದ್ದು ಹೊಟ್ಟೆ, ಇಲ್ಲವೇ ಕೆಚ್ಚಲಿಗೆ ಜೋತ ಮರಿ, ಇಲ್ಲವೇ ಟಗರಿನ ಸಹವಾಸದ ಬೇಸರ. ಈ ಮೂರನ್ನು ನಾವು ನಮ್ಮ ಕೈಯಿಂದ ಬದಲಿಸಬಹುದು. ಸೂರ್ಯನನ್ನು ಬದಲಿಸಲಾಗುವುದಿಲ್ಲ.

ತೋಳ ಮತ್ತು ಕಳ್ಳರ ಭಯಕ್ಕೆ ದೊಡ್ಡಿಯ ಮೇಲೆ ರಾತ್ರಿಯಿಡೀ ಎಲ್‌ಇಡಿ ದೀಪ ಉರಿಸುವವರು, ಅದರಿಂದ ಬೆದೆ ಕೆಡುತ್ತದೆಯೇ ಎಂದು ಆಗಾಗ ಕೇಳುತ್ತಾರೆ. ರಾತ್ರಿಯ ಬೆಳಕು ಮೆಲಟೋನಿನನ್ನು ತಗ್ಗಿಸುವುದು ನಿಜ. ಆದರೆ ಬೆಳಕಿಗೆ ಅಷ್ಟಾಗಿ ಕಿವಿಗೊಡದ ತಳಿಗಳ ಬಗ್ಗೆ ನಾನು ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಹೊಟ್ಟೆ, ವಾಸನೆ, ಮರಿ

ಮೈಯ ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಮತ್ತು ಮೇದೋಜೀರಕದ ಇನ್ಸುಲಿನ್ ‘ಮನೆಯಲ್ಲಿ ಕಾಳಿದೆ’ ಎಂಬ ಸುದ್ದಿಯನ್ನು ಹೈಪೋಥಾಲಮಸ್‌ಗೆ ಒಯ್ಯುತ್ತವೆ. ಈ ಸುದ್ದಿಯೂ ಜಿಎನ್‌ಆರ್‌ಎಚ್ ಕೋಶಕ್ಕೆ ನೇರವಾಗಿ ಮುಟ್ಟದೆ, ಹಸಿವನ್ನು ನೋಡಿಕೊಳ್ಳುವ ಕೋಶಗಳು ಮತ್ತು ಕಿಸ್‌ಪೆಪ್ಟಿನ್ ಕೋಶಗಳ ಮೂಲಕವೇ ಬರುತ್ತದೆ. ಸೊರಗಿದ ಕುರಿಯಲ್ಲಿ ಕಿಸ್‌ಪೆಪ್ಟಿನ್ ತಗ್ಗುತ್ತದೆ, ಮಿಡಿತ ನಿಧಾನವಾಗುತ್ತದೆ. ಮೊದಲ ಮಳೆಗೆ ಹಿಂಡು ಬೆದೆಗೆ ಬರುವುದರ ಗುಟ್ಟು ಮಳೆಯ ಹನಿಯಲ್ಲಿಲ್ಲ; ಎರಡು-ಮೂರು ವಾರ ಹಸಿರು ಮೇದದ್ದರಲ್ಲಿದೆ.

ಎರಡನೆಯದು ಟಗರಿನ ವಾಸನೆ. ಕೆಲವು ವಾರ ಟಗರಿನಿಂದ ದೂರವಿದ್ದ ಕುರಿಗೆ ಹೊಸ ಟಗರಿನ ವಾಸನೆ ಬಡಿದರೆ ನಿಮಿಷಗಳಲ್ಲಿ ಎಲ್‌ಎಚ್ ಮಿಡಿತ ಚುರುಕಾಗುತ್ತದೆ, ಎರಡು-ಮೂರು ದಿನಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ 1944ರಷ್ಟು ಹಿಂದೆಯೇ ಇದು ದಾಖಲಾಗಿದೆ. ಹೋತದ ತಲೆಗೂದಲಿನಿಂದ ಹೊರಡುವ ಅಂಥದೊಂದು ವಾಸನೆಯ ವಸ್ತು ಹೆಣ್ಣಾಡಿನ ಕಿಸ್‌ಪೆಪ್ಟಿನ್ ತಾಳವನ್ನೇ ಚುರುಕುಗೊಳಿಸುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2014ರಲ್ಲಿ ತೋರಿಸಿದರು. ಜೊತೆಯಲ್ಲಿಯೇ ಬಿದ್ದುಕೊಂಡಿರುವ ಟಗರಿಗೆ ಈ ಶಕ್ತಿಯಿಲ್ಲ. ಹೊಸತನವೇ ಇದರ ಸತ್ವ.

ಹೀಗೆ ಎಬ್ಬಿಸಿದ ಮೊದಲ ಅಂಡ ಬಿಡುಗಡೆ ಮೂಕವಾಗಿರುತ್ತದೆ; ಕುರಿ ಬೆದೆ ತೋರಿಸುವುದಿಲ್ಲ. ಬೆದೆಯ ನಡವಳಿಕೆ ಹೊರಬರಲು ಮಿದುಳು ಅದಕ್ಕೂ ಮೊದಲು ಪ್ರೊಜೆಸ್ಟರಾನ್ ಕಂಡಿರಬೇಕು. ಕೆಲವು ಕುರಿಗಳಲ್ಲಿ ಮೊದಲ ಹಳದಿ ಗಂಟು ಆರು ದಿನಕ್ಕೇ ಕರಗಿ, ಮತ್ತೊಮ್ಮೆ ಮೂಕ ಅಂಡ ಬಿಡುಗಡೆಯಾಗುತ್ತದೆ. ಆದ್ದರಿಂದ ಟಗರು ಬಿಟ್ಟ ಮೇಲೆ ಕಣ್ಣಿಗೆ ಕಾಣುವ ಬೆದೆ ಕೆಲವು ಕುರಿಗಳಲ್ಲಿ ಸುಮಾರು 18ರಿಂದ 20ನೇ ದಿನಕ್ಕೂ ಉಳಿದವುಗಳಲ್ಲಿ 24-25ನೇ ದಿನದ ಹೊತ್ತಿಗೂ ಬರುತ್ತದೆ. ಈ ಎರಡು ಗುಂಪುಗಳನ್ನು ನೆನಪಿಡಿ, ಬಣ್ಣ ಓದುವಾಗ ಬೇಕಾಗುತ್ತದೆ.

ಮೂರನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ: ಮರಿ ಚೀಪುತ್ತಿರುವಷ್ಟು ಕಾಲ ತಾಯಿಯ ಮಿಡಿತ ಹಿಂದೆ ಬೀಳುತ್ತದೆ. ಮೂರು ತಿಂಗಳು ತುಂಬಿದ ಮರಿಯನ್ನು ಹಾಲು ಬಿಡಿಸಿ ಬೇರೆ ಕಟ್ಟಿ.

ಬಸವ ಜಯಂತಿಯಿಂದ ಆರಿದ್ರಾದವರೆಗೆ

ಲೆಕ್ಕವನ್ನು ಮರಿಯಿಂದ ಹಿಂದಕ್ಕೆ ಹಾಕಬೇಕು. ಕುರಿಯ ಗಬ್ಬ ಸುಮಾರು 150 ದಿನ. ಡಿಸೆಂಬರಿನ ಮೊದಲಾರ್ಧದಲ್ಲಿ ಮರಿ ಬೇಕಾದರೆ ಜುಲೈ ಎರಡನೆಯ ವಾರದಲ್ಲಿ ಬೆದೆ ಬೇಕು. ಜುಲೈ ಎರಡನೆಯ ವಾರದಲ್ಲಿ ಬೆದೆ ಬೇಕಾದರೆ ಟಗರು ಜೂನ್ 22ರ ಹೊತ್ತಿಗೆ, ಅಂದರೆ ಆರಿದ್ರಾ ಮಳೆ ಹುಟ್ಟುವಾಗ, ಹಿಂಡಿಗೆ ಸೇರಬೇಕು. ಗಬ್ಬದ ಕೊನೆಯ ಒಂದೂವರೆ ತಿಂಗಳು, ಹೊಟ್ಟೆಯೊಳಗಿನ ಮರಿ ಅತಿ ವೇಗವಾಗಿ ಬೆಳೆಯುವ ಕಾಲ, ಹೀಗೆ ಅಕ್ಟೋಬರ್-ನವೆಂಬರಿನ ಮೇವಿನ ಸುಗ್ಗಿಗೆ ಬೀಳುತ್ತದೆ. ಶೇಂಗಾ ಹೊಟ್ಟು, ಆಮೇಲೆ ತೊಗರಿ ಹೊಟ್ಟು, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತ ಕೊಯ್ದ ಗದ್ದೆಗಳು, ಎಲ್ಲವೂ ಹಾಲಿನ ಕಾಲಕ್ಕೆ ಒದಗುತ್ತವೆ. ಡಿಸೆಂಬರಿನ ರಾತ್ರಿಯ ಚಳಿಗೆ ಎಳೆಮರಿಗಳನ್ನು ಗಾಳಿ ಮರೆಯಲ್ಲಿ ಬೆಚ್ಚಗಿಡುವ ಕೆಲಸವೊಂದು ಹೆಚ್ಚು. ಅದನ್ನು ನಾನು ಏಪ್ರಿಲಿನ ಬಿಸಿಲಿಗಿಂತ ಸಾವಿರ ಪಾಲು ಮೇಲು ಎಂದುಕೊಳ್ಳುತ್ತೇನೆ.

ಕೆಲಸ ಶುರುವಾಗಬೇಕಾದದ್ದು ಟಗರಿನಿಂದ, ಅದೂ ಏಪ್ರಿಲ್ ಕೊನೆಯಲ್ಲಿ, ಬಸವ ಜಯಂತಿಯ ಆಸುಪಾಸಿನಲ್ಲಿ. ಟಗರಿನ ಬೀಜದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಏಳು ವಾರ ಬೇಕು, ಅದು ಮಾಗಿ ಹೊರಬರಲು ಇನ್ನೂ ಸುಮಾರು ಎರಡು ವಾರ. ಜುಲೈ ತಿಂಗಳ ಬೆದೆಗೆ ಬಳಕೆಯಾಗುವ ವೀರ್ಯ ತಯಾರಾಗುವುದು ಮೇ ತಿಂಗಳಿನಲ್ಲಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿಯೇ. ಬೀಜದ ಚೀಲ ಮೈಗಿಂತ ತಂಪಾಗಿರಬೇಕು. ಟಗರು ಮಧ್ಯಾಹ್ನವಿಡೀ ಬಯಲಿನಲ್ಲಿ ಬೆಂದರೆ ಅದು ಸಾಧ್ಯವಾಗುವುದಿಲ್ಲ. ಆಗ ಕೆಟ್ಟ ವೀರ್ಯದ ಫಲ ಕಾಣುವುದು ಆರೇಳು ವಾರಗಳ ನಂತರ, ಆಕಾಶ ತಂಪಾಗಿ ಎಲ್ಲರೂ ಬಿಸಿಲನ್ನು ಮರೆತಿರುವಾಗ. ಟಗರು ಹಾರುತ್ತದೆ, ಕುರಿ ನಿಲ್ಲುತ್ತದೆ, ಗಬ್ಬ ಮಾತ್ರ ಕಟ್ಟುವುದಿಲ್ಲ. ಬೈಗುಳ ಕುರಿಗೆ ಬೀಳುತ್ತದೆ. ನಮ್ಮ ಹಿಂಡಿನಲ್ಲಿ ಹೀಗೆ ಒಂದು ವರ್ಷ ಪೂರ್ತಿ ಕಳೆದುಕೊಂಡ ಮೇಲೆಯೇ ನಾನು ಬೀಜದ ಟಗರುಗಳನ್ನು ಮೇ ತಿಂಗಳಿನಲ್ಲಿ ಹೊಂಗೆ, ಬೇವಿನ ನೆರಳಿಗೆ ಕಟ್ಟತೊಡಗಿದ್ದು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ನೆರಳು, ಎದುರಿಗೆ ಸದಾ ನೀರು, ದಿನಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋ ಜೋಳ ಮತ್ತು ಶೇಂಗಾ ಹಿಂಡಿಯ ಮಿಶ್ರಣ, ಜೊತೆಗೆ ಹಸಿ ಮೇವು. ಕೊಬ್ಬಿಸಬೇಡಿ. ಬೀಜಗಳೆರಡೂ ಸಮನಾಗಿ ಗಟ್ಟಿಯಾಗಿವೆಯೇ, ಗಂಟುಗಳಿವೆಯೇ, ಕಾಲು ಕುಂಟುತ್ತದೆಯೇ ಎಂಬುದನ್ನು ಕೈಯಿಂದ ಮುಟ್ಟಿ ನೋಡಿ. ಮೂವತ್ತು ಕುರಿಗೆ ಒಂದು ಟಗರು ಎಂದಿಟ್ಟುಕೊಳ್ಳಿ. ಬೆದೆ ಒಟ್ಟಿಗೆ ಬರುವುದರಿಂದ ಇಲ್ಲಿ ಟಗರಿನ ಜಿಪುಣತನ ಸಲ್ಲದು.

ಮೇ ಎರಡನೆಯ ವಾರದಲ್ಲಿ, ಕೃತ್ತಿಕಾ ಮಳೆಯ ಹೊತ್ತಿಗೆ, ಟಗರುಗಳನ್ನು ಹಿಂಡಿನಿಂದ ಪೂರ್ತಿ ಬೇರೆ ಮಾಡಿ. ಟಗರಿನ ಹೊಟ್ಟೆಯ ಕೆಳಗೆ ಗೋಣಿಯ ತುಂಡು ಕಟ್ಟಿ ಹಿಂಡಿನಲ್ಲಿಯೇ ಬಿಟ್ಟರೆ ಗಬ್ಬ ತಪ್ಪುತ್ತದೆ ನಿಜ, ಆದರೆ ವಾಸನೆಯ ಹೊಸತನವೂ ತಪ್ಪುತ್ತದೆ. ನೋಟ, ಕೂಗು, ವಾಸನೆ ಮೂರೂ ತಾಗದಷ್ಟು ದೂರ ಬೇಕು. ಸಾಧ್ಯವಾದರೆ ಒಂದು ಕಿಲೋಮೀಟರ್. ಮೇ ಕೊನೆಗೆ ಪಡುವಣ ಗಾಳಿ ಶುರುವಾಗುವುದರಿಂದ ಟಗರಿನ ದೊಡ್ಡಿ ಹಿಂಡಿನ ಮೂಡಲಿಗಿರಲಿ. ಇಷ್ಟು ದೂರದ ಜಾಗ ಇಲ್ಲದವರಿಗೆ ಸುಲಭದ ದಾರಿ ನೆರೆಯ ಹಟ್ಟಿಯವರೊಂದಿಗೆ ಟಗರು ಬದಲಿಸಿಕೊಳ್ಳುವುದು: ಕುರಿಗಳಿಗೆ ಪರಿಚಯವಿಲ್ಲದ ಟಗರು, ಹಿಂಡಿಗೆ ಹೊಸ ರಕ್ತ. ರೋಗವೂ ಬದಲಾಗದಂತೆ ಮೊದಲು ಪಶುವೈದ್ಯರಿಗೆ ತೋರಿಸಿ.

ಹೆಣ್ಣು ಕುರಿಗಳ ಸರದಿ ಬರುವುದು ಜೂನ್ ಮೊದಲ ವಾರದಲ್ಲಿ. ಒಂದೊಂದನ್ನೂ ಹಿಡಿದು, ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನುಮೂಳೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿ. ಮೂಳೆಯ ತುದಿಗಳು ಗರಗಸದಂತೆ ಚೂಪಾಗಿ ತಾಗಿದರೆ ಐದಕ್ಕೆ ಒಂದು ಅಂಕ. ಒತ್ತಿದಾಗ ಮಾತ್ರ ದುಂಡಗೆ ತಾಗಿದರೆ ಮೂರು. ತಾಗದೇ ಹೋದರೆ ನಾಲ್ಕರ ಮೇಲೆ. ಬೆದೆಗೆ ಎರಡೂವರೆಯಿಂದ ಮೂರು ಸಾಕು. ಹಿಂಡಿನ ಎಲ್ಲ ಕುರಿಗಳಿಗೂ ಕಾಳು ಹಾಕುವುದು ದುಂದು. ನೂರು ಕುರಿಗೆ ದಿನಕ್ಕೆ 250 ಗ್ರಾಂನಂತೆ ಮೂರು ವಾರ ಹಾಕಿದರೆ ಐದು ಕ್ವಿಂಟಲ್ ಮೀರುತ್ತದೆ. ಎರಡೂವರೆಗಿಂತ ಕೆಳಗಿರುವ ನಲವತ್ತು ಕುರಿಗಳಿಗಷ್ಟೇ ಹಾಕಿದರೆ 210 ಕಿಲೋ. ಮೊದಲೇ ದಷ್ಟಪುಷ್ಟವಾಗಿರುವ ಕುರಿಯ ಮಿದುಳಿಗೆ ಹೆಚ್ಚಿನ ಕಾಳಿನಿಂದ ಹೊಸ ಸುದ್ದಿಯೇನೂ ಹೋಗುವುದಿಲ್ಲ. ಜೋಳವನ್ನೋ ಮೆಕ್ಕೆಜೋಳವನ್ನೋ ಒಡೆದು, ಮೊದಲ ದಿನ ಒಂದು ಹಿಡಿಯಿಂದ ಆರಂಭಿಸಿ, ಒಂದು ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ಏರಿಸಿ. ಒಮ್ಮೆಲೇ ಹಾಕಿದರೆ ಹೊಟ್ಟೆ ಹುಳಿಯಾಗಿ ಕುರಿ ಸಾಯುತ್ತದೆ. ಬಳ್ಳಾರಿ ಜಾಲಿಯ ಒಣಗಿದ ಕಾಯಿಗಳೂ ಸಿಹಿಯಾದ, ಖರ್ಚಿಲ್ಲದ ಮೇವು, ಆದರೆ ಅದೇ ಊಟವಾಗದಿರಲಿ. ಜಂತುಹುಳುವಿನ ಔಷಧಿ ಮತ್ತು ಮುಂಗಾರಿನ ಲಸಿಕೆಗಳನ್ನು ಟಗರು ಬಿಡುವ ಮುಂಚೆಯೇ ಮುಗಿಸಿ.

ಮಳೆ ತಡವಾದರೆ ಏನು ಮಾಡಬೇಕು? ಟಗರನ್ನು ತಡೆಯಿರಿ. ಇದೊಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಮಿರಗ ಮಳೆ ಕೈಕೊಟ್ಟ ವರ್ಷ ಪಂಚಾಂಗ ನೋಡಿ ಟಗರು ಬಿಟ್ಟರೆ, ವಾಸನೆಗೆ ಮಿಡಿತ ಏರಿ, ಹೊಟ್ಟೆಯಲ್ಲಿ ಆಧಾರವಿಲ್ಲದೆ ಮತ್ತೆ ಬೀಳುತ್ತದೆ. ಹಸಿರು ಬರುವ ವೇಳೆಗೆ ಟಗರು ಹಳೆಯ ನೆಂಟನಾಗಿರುತ್ತದೆ. ಕಾಳು ಹಾಕಲು ಶಕ್ತಿಯಿದ್ದರೆ ಹಾಕಿ, ಆಗ ಟಗರು ಬಿಡುವ ದಿನ ತಪ್ಪಿಸಬೇಕಾಗಿಲ್ಲ. ಶಕ್ತಿಯಿಲ್ಲದಿದ್ದರೆ ಹಸಿರು ಮೇದು ಎರಡು ವಾರ ತುಂಬುವವರೆಗೆ ಟಗರನ್ನು ದೂರವೇ ಇಡಿ. ಮರಿಗಳು ಡಿಸೆಂಬರ್ ಕೊನೆಗೋ ಜನವರಿಗೋ ಹುಟ್ಟಲಿ, ಆದರೆ ಒಟ್ಟಿಗೆ ಹುಟ್ಟಲಿ.

ಟಗರು ಬಿಟ್ಟ ಮೇಲಿನ ಆರು ವಾರ ಹಿಂಡನ್ನು ಲಾರಿಗೆ ಹತ್ತಿಸಬೇಡಿ, ಉಣ್ಣೆ ಕತ್ತರಿಸಬೇಡಿ, ನಾಯಿ ಅಟ್ಟಿಸಲು ಬಿಡಬೇಡಿ. ಬೆದರಿದ ಕುರಿಯ ಮೈಯಲ್ಲಿ ಏರುವ ಕಾರ್ಟಿಸಾಲ್ ಅದೇ ಮಿಡಿತವನ್ನು ಅದುಮುತ್ತದೆ. ಬೆದೆಯ ಹೊತ್ತಿನಲ್ಲಿ ಸಾಗಾಟ ಮಾಡಿದರೆ ಎಲ್‌ಎಚ್ ಏರಿಕೆಯೇ ತಡವಾಗುತ್ತದೆ. ಗಬ್ಬದ ಮೊದಲ ವಾರಗಳಲ್ಲಿ ಭ್ರೂಣ ಇನ್ನೂ ಗರ್ಭಕೋಶಕ್ಕೆ ಗಟ್ಟಿಯಾಗಿ ಅಂಟಿರುವುದಿಲ್ಲ ಎಂಬುದೂ ನೆನಪಿರಲಿ.

ಔಷಧಿಯ ಮಾತು

ಮೆಲಟೋನಿನ್ ಗುಳಿಗೆಯನ್ನು ಕಿವಿಯ ಬುಡದ ಚರ್ಮದಡಿ ಇಟ್ಟು ಕುರಿಯ ಮಿದುಳಿಗೆ ‘ರಾತ್ರಿ ಉದ್ದವಾಗಿದೆ’ ಎಂದು ನಂಬಿಸುವ ವಿಧಾನ ಯುರೋಪಿನಲ್ಲಿ ಇದೆ, ಅಲ್ಲಿ ಫಲವನ್ನೂ ಕೊಡುತ್ತದೆ. ಇಲ್ಲಿಯ ತಳಿಗಳಿಗೆ ಅದಕ್ಕೆ ಹಣ ಸುರಿಯಲು ನನಗೆ ಕಾರಣ ಕಾಣುವುದಿಲ್ಲ. ಕೃತಕ ಗರ್ಭಧಾರಣೆ ಮಾಡಿಸುವವರಿಗೆ ಉಪಯೋಗವಾಗುವುದು ಪ್ರೊಜೆಸ್ಟರಾನ್ ಸ್ಪಂಜು. ಅದನ್ನು 12ರಿಂದ 14 ದಿನ ಕುರಿಯ ಯೋನಿಯೊಳಗಿಟ್ಟು ತೆಗೆದರೆ, ಹಳದಿ ಗಂಟು ಕರಗಿದಾಗ ಆಗುವಂತೆಯೇ ಮಿಡಿತ ಒಮ್ಮೆಲೇ ಬಿಡುಗಡೆಯಾಗಿ, ಹೆಚ್ಚಿನ ಕುರಿಗಳು ಎರಡು-ಮೂರು ದಿನಗಳೊಳಗೆ ಬೆದೆಗೆ ಬರುತ್ತವೆ. ಇದನ್ನು ಪಶುವೈದ್ಯರೇ ಮಾಡಬೇಕು. ಪ್ರೊಸ್ಟಗ್ಲಾಂಡಿನ್ ಸೂಜಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಅದು ಹಳದಿ ಗಂಟನ್ನು ಕರಗಿಸುತ್ತದೆ, ಗಂಟೇ ಇಲ್ಲದ ಕುರಿಗೆ ಅದರಿಂದ ಏನೂ ಆಗದು, ಗಬ್ಬದ ಕುರಿಗೆ ಕೊಟ್ಟರೆ ಗಬ್ಬ ಇಳಿಯುತ್ತದೆ. ಪರೀಕ್ಷೆಯಿಲ್ಲದೆ ಹಿಂಡಿಗೆ ಹಿಂಡಿಗೇ ಚುಚ್ಚಿಸಿ ಮರಿಗಳನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಅವಳಿ ಮರಿಯ ಆಸೆಗೆ ಈ ಯಾವ ಸೂಜಿಯೂ ಮದ್ದಲ್ಲ. ಮಹಾರಾಷ್ಟ್ರದ ಫಲ್ಟಣದ ‘ನಾರಿ ಸುವರ್ಣ’ ತಳಿಯ ಕುರಿಗಳಲ್ಲಿ ಅವಳಿ ತರುವ ಫೆಕ್‌ಬಿ ಜೀನು ಸುಂದರಬನದ ಗರೋಲ್ ತಳಿಯಿಂದ ಬಂದದ್ದು. ಅದು ಮುಖ್ಯವಾಗಿ ಕೆಲಸ ಮಾಡುವುದು ಅಂಡಾಶಯದಲ್ಲಿ, ಮಿದುಳಿನಲ್ಲಲ್ಲ. ಒಂದು ಮರಿಗೇ ಹಾಲು ಸಾಲದ ಹಿಂಡಿಗೆ ಅದನ್ನು ತರುವ ಮುನ್ನ ಮೇವಿನ ಲೆಕ್ಕ ಹಾಕಬೇಕು.

ಬಣ್ಣ ಓದುವುದು

ಮಿದುಳಿನ ಮಿಡಿತವನ್ನು ಅಳೆಯಲು ಹತ್ತು ನಿಮಿಷಕ್ಕೊಮ್ಮೆ ರಕ್ತ ತೆಗೆಯುವ ಪ್ರಯೋಗಾಲಯ ನಮ್ಮಲ್ಲಿಲ್ಲ. ಜಾಜು, ಅಂದರೆ ಕೆಮ್ಮಣ್ಣು, ಇದೆ. ಜಾಜನ್ನು ಶೇಂಗಾ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ, ಟಗರಿನ ಎದೆಗೆ, ಮುಂಗಾಲುಗಳ ನಡುವೆ, ಎರಡು ದಿನಕ್ಕೊಮ್ಮೆ ಬಳಿಯಿರಿ. ಟಗರು ಹಾರಿದ ಕುರಿಯ ಸೊಂಟದ ಮೇಲೆ ಕೆಂಪು ಬೀಳುತ್ತದೆ. ಪ್ರತಿ ಸಂಜೆ ದೊಡ್ಡಿಗೆ ಬರುವಾಗ ಹೊಸದಾಗಿ ಕೆಂಪಾದವನ್ನು ಎಣಿಸಿ, ಕಿವಿಯೋಲೆಯ ಸಂಖ್ಯೆಯೊಂದಿಗೆ ಬರೆದಿಡಿ.

ಟಗರು ಬಿಟ್ಟ ಮೊದಲ ದಿನದಿಂದಲೇ ನೂರು ಕುರಿಗಳಲ್ಲಿ ದಿನಕ್ಕೆ ಐದಾರು ಕೆಂಪಾಗುತ್ತಿದ್ದರೆ, ಹಿಂಡು ಆಗಲೇ ತನ್ನಷ್ಟಕ್ಕೆ ಬೆದೆಯ ಸುತ್ತಿನಲ್ಲಿದೆ ಎಂದರ್ಥ. ನೂರನ್ನು ಹದಿನೇಳರಿಂದ ಭಾಗಿಸಿದರೆ ಬರುವ ಸಂಖ್ಯೆ ಅದೇ. ಮಳೆ ಬೇಗ ಬಂದ ವರ್ಷ ಹೀಗಾಗುತ್ತದೆ, ಚಿಂತೆಯಿಲ್ಲ, ಆದರೆ ಮರಿಗಳು ಎರಡೂವರೆ ವಾರದುದ್ದಕ್ಕೂ ಹರಡಿ ಹುಟ್ಟುತ್ತವೆ. ಎರಡು ವಾರ ಹೆಚ್ಚೇನೂ ಕೆಂಪಾಗದೆ, 17ನೇ ದಿನದ ಮೇಲೆ ಒಮ್ಮೆಲೇ ಒಂದು ಗುಂಪು, 23ನೇ ದಿನದ ಮೇಲೆ ಇನ್ನೊಂದು ಗುಂಪು ಕೆಂಪಾದರೆ, ಮಲಗಿದ್ದ ಮಿದುಳುಗಳನ್ನು ಟಗರಿನ ವಾಸನೆಯೇ ಎಬ್ಬಿಸಿದೆ. ಮೊದಲ ಎರಡು ವಾರದ ಮೌನ ಕಂಡು ಟಗರು ಸರಿಯಿಲ್ಲವೆಂದು ಬದಲಿಸಲು ಹೊರಡುವವರೇ ಹೆಚ್ಚು, ಕಾಯಿರಿ. 26ನೇ ದಿನ ದಾಟಿದರೂ ಹಿಂಡಿನ ಅರ್ಧ ಕೆಂಪಾಗಿಲ್ಲವೆಂದರೆ ಮಾತ್ರ ಮೇವನ್ನು ಅನುಮಾನಿಸಿ. ಕೆಂಪಾಗದವುಗಳ ಬೆನ್ನು ಒತ್ತಿ ನೋಡಿ, ಅವುಗಳಲ್ಲಿ ಹೆಚ್ಚಿನವು ಎರಡಕ್ಕಿಂತ ಕೆಳಗಿರುತ್ತವೆ, ಇಲ್ಲವೇ ಮರಿಗೆ ಇನ್ನೂ ಹಾಲು ಕೊಡುತ್ತಿರುತ್ತವೆ. ಮೊದಲ ಬಾರಿ ಬೆದೆಗೆ ಬರುವ ಎಳೆಯ ಕುರಿಗಳು ವಾಸನೆಗೆ ಅಷ್ಟಾಗಿ ಮಣಿಯುವುದಿಲ್ಲವಾದ್ದರಿಂದ ಅವುಗಳನ್ನು ಈ ಲೆಕ್ಕದಿಂದ ಹೊರಗಿಡಿ.

27ನೇ ದಿನ ಜಾಜಿನ ಬದಲು ನೀಲಿ ಪುಡಿ ಕಲಸಿ ಬಳಿಯಿರಿ. ಕೆಂಪಿನ ಮೇಲೆ ನೀಲಿ ಬಿದ್ದ ಕುರಿ ಮೊದಲ ಬೆದೆಯಲ್ಲಿ ಗಬ್ಬ ಕಟ್ಟಿಲ್ಲ. ಅಂಥವು ಹತ್ತರಲ್ಲಿ ಎರಡೋ ಮೂರೋ ಇದ್ದರೆ ಸಹಜ. ಕೆಂಪಾದವುಗಳಲ್ಲಿ ಹೆಚ್ಚಿನವು ನೀಲಿಯಾದರೆ ಕುರಿಗಳ ಮಿದುಳು ತನ್ನ ಕೆಲಸ ಮಾಡಿದೆ, ಟಗರಿನ ಮೇ ತಿಂಗಳು ಕೆಟ್ಟಿದೆ. ಅಂದೇ ಬೇರೆ ಟಗರು ತನ್ನಿ. 45ನೇ ದಿನ, ಆಗಸ್ಟ್ ಮೊದಲ ವಾರದಲ್ಲಿ, ಟಗರುಗಳನ್ನೆಲ್ಲ ಹೊರಗೆ ತೆಗೆಯಿರಿ. ಯಾವ ಬಣ್ಣವೂ ಇಲ್ಲದೆ ಉಳಿದ ಕುರಿಯ ಸಂಖ್ಯೆಯನ್ನು ಪುಸ್ತಕದಲ್ಲಿ ಬೇರೆ ಬರೆದಿಡಿ, ಮೈಗೂಡಿಸಿ ಮುಂದಿನ ಸಲಕ್ಕೆ ಬಿಡಿ. ಎರಡನೆಯ ವರ್ಷವೂ ಅದೇ ಸಂಖ್ಯೆ ಅದೇ ಪುಟದಲ್ಲಿ ಕಾಣಿಸಿದರೆ ಸಂತೆಗೆ ಹೊಡೆಯಿರಿ.